ಮುಳ್ಳು ಇಳಿಯುವ ತನಕ

ಮಧ್ಯಾಹ್ನ ದಿಂಬಿನ ಕಡೆಯಿಂದ ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಬಂತು. ನನ್ನಾಕೆ ಮೊಬೈಲನ್ನು ಚಾರ್ಜಿಗೆ ಹಾಕಿ, ಮೇಲೆ ದಿಂಬಿಟ್ಟು ಮಲಗಿದ್ದಳು. ನಾನು ತಂತಿ ಕಿತ್ತೆ. "ಅದೇನು ವಿಮಾನಾನಾ? ಬಿಡ್ರೀ!" ಎಂದಳು. ವಿಮಾನ ಎಂದಳಲ್ಲ, ಇನ್ನು ನನ್ನನ್ನು ತಡೆಯುವವರು ಯಾರು? ನೀವೂ ಕೂತುಕೊಳ್ಳಿ.

ದೇವನಹಳ್ಳಿಯ ಆಚೆ, ವಿಮಾನ ಹಾರಿಸಲು ಕಲಿಸುವ ಸಣ್ಣ ಮೈದಾನವೊಂದರಲ್ಲಿ ನಾನು ಎಲೆಕ್ಟ್ರಿಕಲ್ ಕೆಲಸದಲ್ಲಿದ್ದೆ. ನನ್ನ ಮೇಲಿನವರು ಹೊಸಕೋಟೆಯ ಖಾಲಿದ್ ಸಾಹೇಬರು. ಅವರದೊಂದು ಕಟ್ಟಳೆ: ಎಂಜಿನ್ ಶುರುವಾದ ಮೇಲೆ, ಬ್ಯಾಟರಿಗೆ ಹೋಗುವ ಕರೆಂಟು ತೋರಿಸುವ ಮುಳ್ಳು ಇಳಿದು ನಿಲ್ಲುವ ತನಕ ಯಾರೂ ತುಟಿ ಬಿಚ್ಚಬಾರದು. ಆ ಅಬ್ಬರದಲ್ಲಿ ಕೂಗದಿದ್ದರೆ ಯಾರ ಮಾತು ಯಾರಿಗೆ ಕೇಳುತ್ತದೆ! ಶಿಸ್ತಿನಲ್ಲೇ ಬೆಳೆದ ನನಗೂ ಅದು ತುಸು ಅತಿ ಎನಿಸುತ್ತಿತ್ತು. ಎಂಜಿನ್ ಎಬ್ಬಿಸಿ ದಣಿದ ಬ್ಯಾಟರಿ ಮೊದಲು ಗಬಗಬ ತಿನ್ನುತ್ತದೆ, ಹೊಟ್ಟೆ ತುಂಬಿದಂತೆ ಕಡಿಮೆ ಮಾಡುತ್ತದೆ. ಆಮೇಲೂ ಇನ್ನಷ್ಟು ಕೇಳಿತೆಂದರೆ ಒಳಗೆ ಬಿಸಿಯೇರುತ್ತಿದೆ ಎಂದರ್ಥ. ಕಾದಷ್ಟೂ ಕರೆಂಟು ಎಳೆಯುತ್ತದೆ, ಎಳೆದಷ್ಟೂ ಕಾಯುತ್ತದೆ. ಆಕಾಶದಲ್ಲಿ ಅದು ಹೊತ್ತಿಕೊಂಡರೆ ಓಡುವುದೆಲ್ಲಿಗೆ?

ಆ ದಿನ ಶೋಭಾ ಎಂಬ ಹುಡುಗಿ ಮೊದಲ ಸಲ ಒಬ್ಬಳೇ ಹಾರಬೇಕಿತ್ತು. ಬೇಲಿಯಾಚೆ ತೂಬಗೆರೆಯಿಂದ ಬಂದ ಅವಳ ಮನೆಯವರು. ಅಜ್ಜಿಯ ಕೈಯಲ್ಲಿ ಕಜ್ಜಾಯದ ಡಬ್ಬಿ. ನಾನು ಅವಳ ಪಕ್ಕದಲ್ಲಿ, ಸಾಹೇಬರು ಹಿಂದಿನ ಸೀಟಿನಲ್ಲಿ. ಮುಳ್ಳು ನೋಡಿ ನಾವು ಇಳಿಯಬೇಕು. ಮುಳ್ಳು ಇಳಿಯಿತು. ಶೋಭಾ ನಕ್ಕಳು. ನಾನು ಬೆಲ್ಟು ಬಿಚ್ಚಿದೆ. ಅಷ್ಟರಲ್ಲಿ ಅದು ಮೆಲ್ಲಗೆ ಮತ್ತೆ ಏರತೊಡಗಿತು!

"ಬಂದ್ ಮಾಡಮ್ಮಾ!" ಸಾಹೇಬರು ಕೂಗಿದರು.

"ಸರ್, ಒಂಚೂರು ಏರಿದೆ ಅಷ್ಟೇ! ಅಜ್ಜಿ ಬಂದಿದ್ದಾರೆ..."

"ಅಜ್ಜೀನ ನಾನ್ ನೋಡ್ಕೋತೀನಿ. ಇಳಿ!"

ಬ್ಯಾಟರಿಯ ಗೂಡಿನ ಮುಚ್ಚಳ ತೆಗೆದರೆ ಒಲೆಯ ಝಳ. ಆರುವ ತನಕ ಕಾದು ನೋಡಿದರೆ, ತಂಪು ಗಾಳಿ ಬರುವ ಕೊಳವೆಯೊಳಗೆ ಕಡಜವೊಂದು ಮಣ್ಣು ಮೆತ್ತಿ ಗೂಡು ಕಟ್ಟಿದೆ! "ನೋಡಪ್ಪಾ, ಯಾರನ್ನೂ ಕೇಳ್ದೆ ಸಂಸಾರ ಹೂಡ್ಬಿಟ್ಟಿದೆ!" ಎಂದರು ಸಾಹೇಬರು. ಅಳುತ್ತಿದ್ದ ಶೋಭಾಳಿಗೂ ನಗು ಬಂತು.

ಕೊಳವೆ ಶುಚಿ ಮಾಡಿ, ಬೇರೆ ಬ್ಯಾಟರಿ ಕೂರಿಸಿ, ಸಂಜೆ ಮತ್ತೆ ಎಂಜಿನ್ ಎಬ್ಬಿಸಿದೆವು. ಮುಳ್ಳು ಇಳಿಯಿತು, ಇಳಿದಲ್ಲೇ ನಿಂತಿತು. ನಾವಿಬ್ಬರೂ ಇಳಿದು ಬೇಲಿಯ ಬಳಿ ಬಂದೆವು. ಚಕ್ರ ನೆಲ ಬಿಟ್ಟಾಗ ಅಜ್ಜಿ, "ಹೋದ್ಲು ಕಣ್ರೋ, ನಮ್ಮ ಹುಡುಗಿ ಹೋದ್ಲು!" ಎಂದು ಕುಣಿದೇಬಿಟ್ಟರು. ನಾನೂ ಕುಣಿದೆ, ಸಾಹೇಬರು ನೋಡಿದರೂ ಕುಣಿತ ನಿಲ್ಲಿಸಲಿಲ್ಲ.

"ಸರಿಯಾಗಿ ಇಳಿದ್ಲಾ?" ನನ್ನಾಕೆ ಎದ್ದು ಕೂತಿದ್ದಳು.

"ಹೂವಿನ ಹಾಗೆ ಇಳಿದ್ಲು!"

ಅಷ್ಟರಲ್ಲಿ ಮನೆಯ ಮೇಲೆ ವಿಮಾನವೊಂದು ಸದ್ದು ಮಾಡುತ್ತ ಏರಿತು. ಅದು ನಾನು ಒಂದು ದಿನವೂ ತಪ್ಪಿಸದ, ಮಧ್ಯಾಹ್ನದ ಕಡ್ಡಾಯ ವಿಶ್ರಾಂತಿಯ ಹೊತ್ತು. ಆದರೂ ಇಬ್ಬರೂ ತಾರಸಿಗೆ ಓಡಿದೆವು. ಇಷ್ಟು ವರ್ಷ ಆ ಸದ್ದಿಗೆ ಕಿಟಕಿ ಮುಚ್ಚುತ್ತಿದ್ದವಳು, ಈಗ ತಲೆಯೆತ್ತಿ ಎರಡೂ ಕೈ ಬೀಸುತ್ತಿದ್ದಳು.