ಹುಲಿಗೆಮ್ಮನ ಬಾಗಿಲಿನ ಕುಂಕುಮದ ಚುಕ್ಕೆ

೧೯ ಜೂನ್ ೨೦೨೫, ಗುರುವಾರ. ಬೆಳಿಗ್ಗೆ ಜಿಟಿಜಿಟಿ ಮಳೆ. ಹತ್ತರ ಹೊತ್ತಿಗೆ ಹೊಳವಾಯಿತು.

ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ ಹುಲಿಗೆಮ್ಮ ಇಪ್ಪತ್ತೆರಡು ವರ್ಷಗಳಿಂದ ಹಸು ಸಾಕಿ ಹನ್ನೊಂದು ಮನೆಗಳಿಗೆ ಹಾಲು ಹಾಕುತ್ತಾರೆ. ಓದು ಬಾರದು. ನಾನು ಶಿವಮೊಗ್ಗದ ಪ್ರಯೋಗಾಲಯವೊಂದರಲ್ಲಿ ಸಂಶೋಧನಾ ಸಹಾಯಕ. ದನದ ಬಿಳಿ ರಕ್ತಕಣಗಳು ರೋಗವನ್ನೆದುರಿಸಲು ಎಚ್ಚೆತ್ತಾಗ ಅವುಗಳ ಹೊರಪೊರೆಯಲ್ಲಿ ಕೊಬ್ಬು, ಸಕ್ಕರೆ ಕೂಡಿದ ಕೆಲವು ಅಣುಗಳು, ಅಂದರೆ ಗ್ಲೈಕೋಲಿಪಿಡ್‌ಗಳು, ಹೆಚ್ಚುತ್ತವೆ. ಅವನ್ನು ಅಳೆಯುವುದು ನಮ್ಮ ಕೆಲಸ.

ಒಂಬತ್ತರಂದು ಹುಲಿಗೆಮ್ಮನ ಹಸುವಿನ ರಕ್ತ ತಂದೆ. ಅಳತೆ ಬಹಳ ಹೆಚ್ಚು ಬಂತು. ಗುಪ್ತ ಸೋಂಕಿರಬಹುದು, ಹಾಲು ಹಾಕಬೇಡಿ ಎಂದು ಹನ್ನೊಂದರಂದು ಫೋನಿನಲ್ಲಿ ಹೇಳಿದೆ. ಹಾಗೆ ಹೇಳುವ ಅಧಿಕಾರ ನನಗಿರಲಿಲ್ಲ. ಅದು ಸಂಶೋಧನೆಯ ಅಳತೆ, ರೋಗಪರೀಕ್ಷೆಯಲ್ಲ. ಎಂಟು ದಿನ ಅವರು ಹಾಲನ್ನು ಚರಂಡಿಗೆ ಸುರಿದರು. ನಾಲ್ಕು ಮನೆಯವರು ಪ್ಯಾಕೆಟ್ ಹಾಲಿಗೆ ಹೋದರು. ನಿನ್ನೆ ಅಲ್ಲಿನ ಪಶುವೈದ್ಯರು ಕೆಚ್ಚಲು, ಹಾಲು ಎಲ್ಲ ಪರೀಕ್ಷಿಸಿ ಏನೂ ಇಲ್ಲವೆಂದರು. ಕಾರಣ ಹುಡುಕಲು ಇಂದು ನಾನೇ ಹೋದೆ.

ಕೊಟ್ಟಿಗೆಯ ಬಾಗಿಲ ಮೇಲೆ ದಿನಕ್ಕೊಂದರಂತೆ ಸುಣ್ಣದ ಚುಕ್ಕೆಗಳಿದ್ದವು. ಒಂದು ಮಾತ್ರ ಕುಂಕುಮದ್ದು. ಕಾಲುಬಾಯಿ ರೋಗದ ಲಸಿಕೆ ಹಾಕಿಸಿದ ದಿನವೆಂದರು ಹುಲಿಗೆಮ್ಮ. ಎಣಿಸಿದೆ: ನಾನು ರಕ್ತ ತೆಗೆಯುವುದಕ್ಕೆ ಆರು ದಿನ ಮೊದಲು. ಲಸಿಕೆಗೂ ಬಿಳಿಕಣಗಳು ಹಾಗೆಯೇ ಎಚ್ಚರಗೊಳ್ಳುತ್ತವೆ.

“ಅವತ್ತೇ ಹೇಳಿದ್ನಲ್ಲ ಸಾರ್. ನೀವು ಹೂಂ ಅಂದ್ರಿ. ಬರ್ಕೊಳ್ಳೋರು ನೀವು ಅಂತ ಸುಮ್ನಾದೆ.”

ನಮೂನೆಯಲ್ಲಿ ಲಸಿಕೆಯ ಕಾಲಂ ಎದುರು “ಇಲ್ಲ” ಎಂದು ನನ್ನದೇ ಅಕ್ಷರವಿತ್ತು. ಲಸಿಕೆಯ ತಂಡ ಆ ಕಡೆಗೆ ಇನ್ನೂ ಹೋಗಿಲ್ಲವೆಂದು ಭಾವಿಸಿ, ಶಿವಮೊಗ್ಗದಿಂದ ಹೊರಡುವಾಗಲೇ ತುಂಬಿಸಿಟ್ಟಿದ್ದೆ. ಮೂವತ್ತು ವರ್ಷ ದಿನಚರಿ ಬರೆದ ಕೈ ಇದು.

ತಪ್ಪಾಯಿತೆಂದು ಬರೆದುಕೊಡುತ್ತೇನೆಂದೆ.

“ಚೀಟಿ ಯಾರು ಓದ್ತಾರೆ ಸಾರ್? ಬಾಯಲ್ಲಿ ಕೆಡಿಸಿದ್ದನ್ನ ಬಾಯಲ್ಲೇ ಸರಿ ಮಾಡಿ. ಬನ್ನಿ,” ಎಂದು ಹಾಲಿನ ಕ್ಯಾನು ಹಿಡಿದು ಮುಂದೆ ನಡೆದರು.

ಬಿಟ್ಟುಹೋದ ನಾಲ್ಕೂ ಮನೆಗಳ ಮುಂದೆ ನಿಂತು ತಪ್ಪು ನನ್ನದೆಂದು ಹೇಳಿದೆ. ಮೂರು ಮನೆಯವರು ನಾಳೆಯಿಂದ ಹಾಕಿ ಎಂದರು. ಕೊನೆಯ ಮನೆಯ ಜಗದಾಂಬಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಮೊದ್ಲು ನಿಮ್ಮನೆಗೆ ತಗೊಂಡ್ಹೋಗಿ ಮಾರಾಯ್ರೆ, ಆಮೇಲೆ ನಮಗೆ ಹೇಳಿ.”

ಹುಲಿಗೆಮ್ಮ ತಲೆ ತಗ್ಗಿಸಿದರು. ತಗ್ಗಿಸಬೇಕಾದವನು ಪಕ್ಕದಲ್ಲೇ ನಿಂತಿದ್ದೆ.

ಖರ್ಚು: ಬಸ್ಸಿಗೆ ಹೋಗಿ ಬರಲು ಅರವತ್ತು ರೂಪಾಯಿ. ಸ್ಟೀಲ್ ಡಬ್ಬಿಗೆ ನೂರ ನಲವತ್ತು. ಜಗದಾಂಬಾ ಅವರ ಎದುರಿಗೇ ಅಳೆಸಿಕೊಂಡ ಒಂದು ಲೀಟರ್ ಹಾಲಿಗೆ ಐವತ್ತು.