ಕೋಳಿ ಬೇಯಿಸಬಾರದ ಮನೆ

ಅಡ್ವಾನ್ಸ್ ತೆಗೆದುಕೊಂಡ ಮೇಲೆ ಮುಖ ತೋರಿಸದ ಓನರುಗಳು ಒಂದು ಬಗೆ. ಮುಖ ತೋರಿಸುವುದನ್ನು ನಿಲ್ಲಿಸದವರು ಇನ್ನೊಂದು ಬಗೆ. ಸುಳ್ಯದಲ್ಲಿ ನಮಗೆ ಸಿಕ್ಕಿದವರು ಎರಡನೆಯವರು. ಅವರ ವಾಸ ಪುತ್ತೂರಿನಲ್ಲಿ, ಮೂಗು ಮಾತ್ರ ನಮ್ಮ ಅಡುಗೆಮನೆಯಲ್ಲಿ.

ಬೀಗದ ಕೈ ಕೊಡುವಾಗಲೇ ಹೇಳಿದ್ದರು: "ಅಂಗಳದಲ್ಲಿ ಗುಳಿಗನ ಕಟ್ಟೆ ಉಂಟು. ಕಾರಣಿಕದ ದೈವ, ತಪ್ಪಿದ್ರೆ ಬಿಡುದಿಲ್ಲ. ಮನೆಯೊಳಗೆ ಮೀನು, ಕೋಳಿ ಬೇಯಿಸ್ಲಿಕ್ಕಿಲ್ಲ."

ಬೇರೆ ಮನೆ ಸಿಗುವ ಲಕ್ಷಣ ಇರಲಿಲ್ಲ, ಒಪ್ಪಿಕೊಂಡೆವು. ಮೀನಿನ ಆಸೆಯಾದಾಗ ನಾನೂ ಹೆಂಡತಿಯೂ ಹೋಟೆಲಿಗೆ ಹೋಗಿ ತಿಂದು, ಕೈ ಮೂಸಿ ನೋಡಿಕೊಂಡು ಮನೆಗೆ ಬರುತ್ತಿದ್ದೆವು.

ಒಂದು ಭಾನುವಾರ, ಗುಳಿಗನಿಗೆ ವರ್ಷದ ತಂಬಿಲದ ಸೇವೆ ಕೊಡಲು ಓನರು ಸಂಸಾರ ಸಮೇತ ಬಂದರು. ಜೊತೆಗೆ ಎರಡು ಹುಂಜ. ದೈವಕ್ಕೆ ಬಲಿ ಕೊಟ್ಟಾದ ಮೇಲೆ ಹುಂಜಗಳು ನೇರ ನಮ್ಮ ಅಡುಗೆಮನೆಗೆ ಬಂದವು. ನಮ್ಮದೇ ಗ್ಯಾಸಿನಲ್ಲಿ ಕೋಳಿ ಸುಕ್ಕ ಆಯಿತು, ತೆಂಗಿನಕಾಯಿ ಅರೆದ ಗಸಿಯೂ ಆಯಿತು.

"ಇಲ್ಲಿ ಕೋಳಿ ಬೇಯಿಸ್ಲಿಕ್ಕಿಲ್ಲ ಅಂತ ನೀವೇ ಹೇಳಿದ್ದಲ್ವಾ?" ಅಂದೆ.

"ಇದು ಪ್ರಸಾದ ಮಾರಾಯ್ರೆ," ಅಂದರು.

ಪ್ರಸಾದದ ಒಂದು ತುಂಡೂ ನಮ್ಮ ತಟ್ಟೆಗೆ ಬೀಳಲಿಲ್ಲ. ಅದು ಕುಟುಂಬದವರಿಗೆ ಮಾತ್ರವಂತೆ.

ಮರುದಿನ, ಬಿಟ್ಟುಹೋದ ಪಾತ್ರೆ ಒಯ್ಯಲು ಬಂದ ಓನರು ಬಾಗಿಲಲ್ಲೇ ನಿಂತು ಮೂಗು ಅರಳಿಸಿದರು. "ಎಂತ, ಕೋಳಿ ವಾಸನೆ ಬರ್ತದಲ್ಲ?"

ನಾನು ಅವರ ಪಾತ್ರೆಯನ್ನೇ ತಂದು ಮುಂದಿಟ್ಟೆ. ತಳದಲ್ಲಿ ನಿನ್ನೆಯ ಗಸಿ ಒಣಗಿ ಹಿಡಿದಿತ್ತು.

ಬಗ್ಗಿ ನೋಡಿದರು. "ಒಂದು ಪಾತ್ರೆ ತೊಳೆದಿಡ್ಲಿಕ್ಕೆ ನಿಮಗೆ ಇಷ್ಟು ಉದಾಸೀನವಾ?"

ಗುಳಿಗನೇ ವಾಸಿ. ವರ್ಷಕ್ಕೊಮ್ಮೆ ಕೊಟ್ಟರೆ ಸುಮ್ಮನಿರುತ್ತಾನೆ. ಓನರಿಗೆ ತಿಂಗಳು ತಿಂಗಳು ಕೊಟ್ಟರೂ ತೃಪ್ತಿಯಿಲ್ಲ.