ನನ್ನ ಹೆಬ್ಬೆರಳಿನ ಕೆಳಗಿದ್ದ ಹುಡುಗಿ

ಕಪಿಲೆಯ ದಡದಲ್ಲಿ ಕೂತು ಎಲ್ಲರ ಅರ್ಜಿಯನ್ನೂ ಕೇಳಿಸಿಕೊಳ್ಳುವ ನಂಜುಂಡೇಶ್ವರನಿಗೆ ಕೈಮುಗಿದು, ಅವನನ್ನು ನಂಬಿದ ನಿಮಗೆಲ್ಲ ನಂಜನಗೂಡಿನ ಮಗಳೂ ಟಿ. ನರಸೀಪುರದ ಸೊಸೆಯೂ ಆದ ಸರೋಜ ತಿಳಿಸುವ ಸಂಗತಿ. ಈ ಪತ್ರಿಕೆಗೆ ನೀವು ಬರೆಯುವ ಅನುಭವಗಳನ್ನು ಓದಿ ಎಷ್ಟೋ ಸಲ ಕಣ್ಣೊರೆಸಿಕೊಂಡಿದ್ದೇನೆ. ಒಬ್ಬರಿಗೆ ಹಾರ್ಟ್ ಆಪರೇಷನ್, ಇನ್ನೊಬ್ಬರಿಗೆ ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗು. ನನ್ನ ಕಷ್ಟ ಅಷ್ಟು ದೊಡ್ಡದಲ್ಲ, ಹೇಳಿಕೊಳ್ಳಲು ನಾಚಿಕೆಯೂ ಆಗುತ್ತದೆ. ಅರವತ್ತೆಂಟನೇ ವಯಸ್ಸಿನಲ್ಲಿ ನಾನು ವೇಟಿಂಗ್ ಲಿಸ್ಟಿನಲ್ಲಿದ್ದೆ.

ಹೀಗಂದರೆ ಎಲ್ಲರೂ ಮೊದಲು ಕೇಳುವುದು ಯಾವ ಟ್ರೈನು ಅಂತ. ಈಗ ನಂಜನಗೂಡಿನಲ್ಲಿ ಜೊತೆಯಲ್ಲೇ ಇರುವ ನನ್ನ ಮಗ ಕೂಡ ನಾನು ಕಾಶಿಗೆ ಹೊರಟಿದ್ದೇನೆ ಅಂದುಕೊಂಡು, ತತ್ಕಾಲ್‌ನಲ್ಲಿ ನೋಡೋಣ ಬಿಡಮ್ಮ ಅಂದ. ಟ್ರೈನಲ್ಲ. ಮೈಸೂರಿನ ಒಂದು ಹೆಣ್ಣುಮಕ್ಕಳ ಕಾಲೇಜು. ಬಿ.ಎ. ಇಂಗ್ಲಿಷ್ ಆನರ್ಸ್, ಮೂವತ್ತೇ ಸೀಟು.

ಇದಕ್ಕೆ ಕಾರಣ ನನ್ನ ಸೊಸೆ ಶೈಲ. ದಿನಾ ಬೆಳಿಗ್ಗೆ ಇಂಗ್ಲಿಷ್ ಪೇಪರಿನ ತಪ್ಪುಗಳಿಗೆ ಪೆನ್ಸಿಲಿನಲ್ಲಿ ಗೆರೆ ಎಳೆಯುವ ಚಾಳಿ ನನಗೆ. ಒಂದು ದಿನ ಅವಳು ಕಾಫಿ ಲೋಟ ಇಟ್ಟು, ಪೇಪರಿನವರಿಗೆ ಇದು ಗೊತ್ತೂ ಆಗಲ್ಲ ಅತ್ತೆ, ಇಷ್ಟು ಶ್ರದ್ಧೆ ಇದ್ದರೆ ಹೋಗಿ ಎಂಟ್ರೆನ್ಸ್ ಬರೀರಿ, ಏಜ್ ಲಿಮಿಟ್ ಇಲ್ಲ ಅಂತ ಹಾಕಿದ್ದಾರೆ ಅಂದಳು. ತಮಾಷೆಗೇ ಅಂದದ್ದು. ಸಂಜೆಗೆ ನಾನು ನನ್ನ ಹಳೇ ಪಿ.ಯು.ಸಿ. ಮಾರ್ಕ್ಸ್ ಕಾರ್ಡ್ ಹುಡುಕಿ ಇಸ್ತ್ರಿ ಮಾಡಿ ಇಟ್ಟಿದ್ದೆ.

ಅವಳಿಗೆ ಗೊತ್ತಿರದ ಇನ್ನೊಂದು ಕತೆಯಿತ್ತು. ಹದಿನೇಳನೇ ವಯಸ್ಸಿನಲ್ಲಿ, ಕಾನ್ವೆಂಟಿನಲ್ಲಿ ಪಿ.ಯು.ಸಿ. ಮುಗಿಸಿದ ಹೊಸದರಲ್ಲಿ, ಇದೇ ಕಾಲೇಜಿನ ವೇಟಿಂಗ್ ಲಿಸ್ಟಿನಲ್ಲಿ ನಾನಿದ್ದೆ. ಸೀಟು ಖಾಲಿಯಾಗಿದೆ, ಬಂದು ಸೇರಿ ಎಂದು ಪೋಸ್ಟ್‌ಕಾರ್ಡ್ ಬಂತು, ನನ್ನ ಮದುವೆಯಾಗಿ ಹನ್ನೊಂದು ದಿನಕ್ಕೆ. ಅಪ್ಪ ಒಂದು ಗೊನೆ ರಸಬಾಳೆಯ ಜೊತೆ ಆ ಕಾರ್ಡನ್ನೂ ನರಸೀಪುರಕ್ಕೆ ತಂದುಕೊಟ್ಟರು. ಅತ್ತೆ ಬಾಳೆಹಣ್ಣನ್ನು ಬಾಯಿತುಂಬ ಹೊಗಳಿದರು. ನಮ್ಮ ಯಜಮಾನರು ಕಾರ್ಡನ್ನು ಎರಡು ಸಲ ಓದಿ, ಒಳ್ಳೇ ಹ್ಯಾಂಡ್‌ರೈಟಿಂಗ್ ಅಂದರು. ಒಳ್ಳೆಯ ಮನುಷ್ಯ. ಕಾರ್ಡು ಕುಂಟುತ್ತಿದ್ದ ಮೇಜಿನ ಕಾಲಡಿ ಸೇರಿತು. ಆಮೇಲೆ ಆ ಮೇಜು ಯಾವತ್ತೂ ಕುಂಟಲಿಲ್ಲ.

ಈ ಸಲ ರಿಸಲ್ಟ್ ಬಂದಾಗ ಶೈಲ ಮೊಬೈಲಿನಲ್ಲೇ ಓದಿ ಹೇಳಿದಳು: ವೇಟಿಂಗ್ ಲಿಸ್ಟ್, ನಂಬರ್ ಆರು. ನನಗೆ ನಂಬಿಕೆ ಬರಲಿಲ್ಲ. ಮಾರನೇ ದಿನ ಬಸ್ಸು ಹತ್ತಿ ಹೋಗಿ, ನೋಟಿಸ್ ಬೋರ್ಡಿನ ಮುಂದೆ ನಿಂತು, ಸೀಟು ಸಿಕ್ಕ ಮೂವತ್ತು ಹೆಸರುಗಳ ಫೋಟೋ ತೆಗೆದುಕೊಂಡು ಬಂದೆ. ಮನೆಗೆ ಬಂದು ನೋಡಿದರೆ ಇಪ್ಪತ್ತಮೂರನೇ ಹೆಸರಿನ ಮೇಲೆ ನನ್ನ ಹೆಬ್ಬೆರಳು ಬಿದ್ದಿತ್ತು. ಉಗುರಿನ ಗೆರೆ ಕೂಡ ಸ್ಪಷ್ಟವಾಗಿ ಕಾಣುತ್ತಿತ್ತು, ಹೆಸರು ಮಾತ್ರ ಇಲ್ಲ.

ಇಲ್ಲಿಂದ ಶುರುವಾಯಿತು ನನ್ನ ಧರ್ಮಸಂಕಟ. ಕಾಯಿಲೆಯವರು ದೇವರೇ ವಾಸಿ ಮಾಡು ಅಂದರೆ ಯಾರಿಗೂ ನಷ್ಟವಿಲ್ಲ. ವೇಟಿಂಗ್ ಲಿಸ್ಟಿನಲ್ಲಿರುವವಳು ಏನಂತ ಕೇಳಬೇಕು? ಮೇಲಿರುವವರು ಬೀಳಲಿ ಅಂತಲೇ? ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಆಗ್ನೆಸ್, ಬೇರೆಯವರಿಗಾಗಿ ಮೊದಲು ಬೇಡು, ನಿನ್ನದು ಕೊನೆಗೆ ಅಂತ ಹೇಳಿಕೊಟ್ಟಿದ್ದರು. ಅವರಿಂದ ಬಂದ ಇನ್ನೊಂದು ಅಭ್ಯಾಸವೆಂದರೆ ಪ್ರಾರ್ಥನೆಗೆ ಕೂತ ಕೂಡಲೇ ನನ್ನ ಬಾಯಿಗೆ ಇಂಗ್ಲಿಷೇ ಬರುತ್ತದೆ. ಹಾಗಾಗಿ ಪ್ರತಿ ಸೋಮವಾರ ದೇವಸ್ಥಾನದ ಕಂಬಕ್ಕೊರಗಿ, ಕನ್ನಡಕ ಹಾಕಿಕೊಂಡು, ಮೊಬೈಲ್ ನೋಡುತ್ತ ಒಬ್ಬೊಬ್ಬರ ಹೆಸರನ್ನೂ ಓದಿದೆ. ಮೈ ಡಿಯರ್ ನಂಜುಂಡೇಶ್ವರ, ನಂಬರ್ ಒನ್‌ಗೆ ಮೆಡಿಕಲ್ ಕೊಡು, ನಂಬರ್ ಟೂಗೆ ಲಾ ಕಾಲೇಜು ಕೊಡು, ಸಮ್‌ಥಿಂಗ್ ಬೆಟರ್ ಪ್ಲೀಸ್. ಇಪ್ಪತ್ತಮೂರಕ್ಕೆ ಬಂದಾಗ, ಅಂಡರ್ ಮೈ ಥಂಬ್ ಇರುವ ಹುಡುಗಿಗೆ ಅವಳಿಗೇನು ಇಷ್ಟವೋ ಅದು ಕೊಡಪ್ಪ, ನನಗೆ ಅವಳ ಪರಿಚಯವಿಲ್ಲ ಅಂದೆ. ಮೂರನೇ ಸೋಮವಾರ ಅರ್ಚಕರು ಪಕ್ಕಕ್ಕೆ ಬಂದು ನಿಂತು, ಇದು ಯಾವ ಸ್ತೋತ್ರ ಅಮ್ಮಾ, ಕೇಳಿದ್ದೇ ಇಲ್ಲವಲ್ಲ ಅಂದರು. ಮೆರಿಟ್ ಲಿಸ್ಟು ಅಂದೆ. ತಲೆಯಾಡಿಸಿ ಕುಂಕುಮ ಕೊಟ್ಟರು.

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಲಿಸ್ಟು ಅಲುಗಾಡಲು ಶುರುವಾಯಿತು. ಒಬ್ಬಳು ಇಂಜಿನಿಯರಿಂಗಿಗೆ ಹೋದಳು. ಇನ್ನೊಬ್ಬಳ ತಂದೆಗೆ ಟ್ರಾನ್ಸ್‌ಫರ್ ಆಯಿತು. ಹೀಗೆ ನಾಲ್ಕು ಜನ ಬಿಟ್ಟು ಆರರಲ್ಲಿದ್ದ ನಾನು ಎರಡಕ್ಕೆ ಬಂದೆ. ಅಲ್ಲಿ ಗಾಡಿ ನಿಂತಿತು. ಒಂದು ವಾರ, ಹತ್ತು ದಿನ, ಏನೂ ಇಲ್ಲ. ಶೈಲ ಆಫೀಸಿನಿಂದ ಬಂದ ಕೂಡಲೇ ಚಪ್ಪಲಿ ಬಿಡುವ ಮೊದಲೇ ಇನ್ನೂ ಎರಡೇ ಅತ್ತೆ ಅನ್ನುವಳು. ನನಗೆ ಊಟ ಸೇರದಾಯಿತು. ಹದಿನೇಳರಲ್ಲಿ ಕಾದಾಗ ಮುಂದೆ ಬೇಕಾದಷ್ಟು ವರ್ಷಗಳಿದ್ದವು. ಈಗ ಮುಂದಿನ ವರ್ಷ ನೋಡೋಣ ಅಂತ ಯಾರಾದರೂ ಅಂದರೆ ಸಿಟ್ಟು ಬರುತ್ತಿತ್ತು.

ಆಗ ನರಸೀಪುರದಿಂದ ನನ್ನ ನಾದಿನಿ ಚಂದ್ರಮ್ಮ ಫೋನ್ ಮಾಡಿ ಬನ್ನಿ ಅಂದಳು. ಅವಳಿಗೆ ನನ್ನ ಪ್ರಾರ್ಥನೆಯ ರೀತಿಯೇ ಸರಿ ಕಾಣಲಿಲ್ಲ. "ಅತ್ಗೆ, ನೀವು ಇಂಗ್ಲೀಸಲ್ಲಿ ಕೇಳುದ್ರೆ ಆಯಪ್ಪ ಡಿಕ್ಸನರಿ ಉಡುಕ್ಕೊಂಡು ಕುಂತ್ಕೋತಾನೆ. ಅಷ್ಟೊತ್ಗೆ ಕಾಲೇಜು ಬಾಗ್ಲಾಕ್ತರೆ" ಅಂದು ನನ್ನನ್ನು ಗುಂಜಾ ನರಸಿಂಹನ ಗುಡಿಗೆ ಎಳೆದುಕೊಂಡು ಹೋದಳು. ಆ ಸ್ವಾಮಿಯ ಕೈಯಲ್ಲಿ ಒಂದು ಗುಲಗಂಜಿ ಇದೆಯಲ್ಲ, ನಮ್ಮ ಸಂಗಮ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಅನ್ನುವುದಕ್ಕೆ. ಚಂದ್ರಮ್ಮ ಅವನ ಎದುರಿಗೇ ನನ್ನ ಪರ್ಸಿನೊಳಗೆ ಒಂದು ಗುಲಗಂಜಿ ಹಾಕಿದಳು. ಯಾವಾಗಾದರೂ ತಕ್ಕಡಿ ಸಮಸಮ ನಿಂತರೆ ಇದು ನಿಮ್ಮ ಕಡೆ ವಾಲಿಸುತ್ತೆ ಅಂದಳು. ನಾನು ನಕ್ಕೆ. ಆದರೂ ಪರ್ಸಿನ ಜಿಪ್ ಎಳೆದುಕೊಂಡೆ. ನಂಜುಂಡನಿಗೂ ಬೇಜಾರಾಗಬಾರದೆಂದು ಮನೆಗೆ ಬಂದು ಮೂರು ಕತ್ತರಿ ಮುಡಿ ಕೊಡುವ ಹರಕೆ ಹೊತ್ತೆ.

ಆ ವಾರವೇ ಕಾಲೇಜಿನಿಂದ ಮೆಸೇಜ್ ಬಂತು. ಕೊನೇ ಸುತ್ತು, ಒಂದು ಸೀಟು ಖಾಲಿ. ವೇಟಿಂಗ್ ಲಿಸ್ಟಿನವರು ಶನಿವಾರ ಖುದ್ದಾಗಿ ಬರಬೇಕು. ಇನ್ನೂ ಡಾಕ್ಯುಮೆಂಟ್ಸ್ ಕೊಡದ ಒಬ್ಬ ವಿದ್ಯಾರ್ಥಿನಿ ನಾಲ್ಕು ಗಂಟೆಯೊಳಗೆ ಕೊಡದಿದ್ದರೆ ಅವಳ ಸೀಟೂ ಖಾಲಿ.

ಶನಿವಾರ ಶೈಲಳಿಗೆ ರಜೆ ಸಿಗಲಿಲ್ಲ, ಒಬ್ಬಳೇ ಹೊರಟೆ. ನಂಜನಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ಮೂರು ಜನರ ಸೀಟಿನ ಕಿಟಕಿ ಪಕ್ಕ ಕೂತೆ. ಹುಲ್ಲಹಳ್ಳಿ ಬಸ್ಸಿಳಿದು ಓಡಿಬಂದ ತಾಯಿ ಮಗಳು ನನ್ನ ಪಕ್ಕಕ್ಕೆ ಕೂತರು. ಹುಡುಗಿಯ ತೊಡೆಯ ಮೇಲೆ ಪ್ಲಾಸ್ಟಿಕ್ ಫೈಲು. ತಾಯಿಯ ತರಚಿದ ಎರಡೂ ಮೊಣಕೈಗೆ ಅರಿಶಿನ ಮೆತ್ತಿತ್ತು. ಹಿಂದಿನ ದಿನ ನಂಜುಂಡನ ಸುತ್ತ ಉರುಳುಸೇವೆ ಮಾಡಿದ್ದಂತೆ, ಮಗಳ ಸೀಟಿಗಾಗಿ. ಯಾವ ಸೀಟು ಅಂದೆ. ಹೇಳಿದಳು. ನಾನು ಹೊರಟಿದ್ದೂ ಅದೇ ಸೀಟಿಗೆ. ನೀವೂ ಮೊಮ್ಮಗಳ ಸೀಟಿಗೇ ಹೊರಟಿದ್ದೀರಾ ಅಂತ ಕೇಳಿದಳು. ಹೂಂ ಅಂದೆ. ಶುದ್ಧ ಸುಳ್ಳು. ನಂಜುಂಡ ಕ್ಷಮಿಸಲಿ.

ತಾಂಡವಪುರ ದಾಟುವ ಹೊತ್ತಿಗೆ ಆ ತಾಯಿ, ರತ್ನಮ್ಮ, ನನಗೆ ಎಲ್ಲ ಹೇಳಿಬಿಟ್ಟಿದ್ದಳು.

"ಇವ್ಳು ಭವ್ಯ, ಲಿಸ್ಟ್‌ನಲ್ಲಿ ಒಂದ್ನೇ ನಂಬ್ರು. ಇವ್ಳಷ್ಟೇ ಮಾರ್ಕ್ಸ್ ತಕ್ಕೊಂಡಿರೋ ಇನ್ನೊಬ್ಳು ಅವ್ಳೆ ಕಣವ್ವ, ಸರೋಜ ಅಂತ. ಅವ್ಳ್ಗೆ ಕೆಟ್ದು ಕೇಳ್ನಿಲ್ಲ ನಾನು. ಒಳ್ಳೇ ಗಂಡು ಸಿಕ್ಕಿ ಬೇಗ್ನೆ ಮದ್ವೆ ಆಗ್ಬುಡ್ಲಿ ಅಂತ ಕೇಳ್ಕಂಡಿವ್ನಿ. ಸೀಟು ಸಿಗ್ನಿಲ್ಲ ಅಂದ್ರೆ ನಮ್ಮೋರು ಇವ್ಳ್ಗೆ ಗಂಡು ಗೊತ್ ಮಾಡ್ತರೆ. ಆ ಗಂಡು ಸರೋಜನ್ಗೇ ಓಗ್ಲಿ."

ಭವ್ಯ ತಲೆ ತಗ್ಗಿಸಿ, ಸಾಕು ಸುಮ್ಕಿರವ್ವಾ ಅಂದಳು. ನಾನು ಕಿಟಕಿಯ ಕಡೆ ತಿರುಗಿದೆ. ನಗು ಬಂತು, ಅದರ ಹಿಂದೆಯೇ ಬೇರೇನೋ ಬಂತು. ಐವತ್ತೊಂದು ವರ್ಷದ ಹಿಂದೆ ನನ್ನ ಹಿಂದಿನ ನಂಬರಿನ ಹುಡುಗಿಯ ತಾಯಿಯೂ ಇದನ್ನೇ ಬೇಡಿಕೊಂಡಿದ್ದಳೋ ಏನೋ. ಹಾಗಿದ್ದರೆ ನಂಜುಂಡ ಆಕೆಯದನ್ನು ತಡಮಾಡದೆ ನಡೆಸಿಕೊಟ್ಟಿದ್ದ.

ಕಾಲೇಜಿನ ಆಫೀಸಿನಲ್ಲಿ ಕ್ಲರ್ಕ್ ಹೆಸರು ಕೂಗಿದರು. ಭವ್ಯ ಎದ್ದಳು. ಸರೋಜ ಅಂದರು. ರತ್ನಮ್ಮ ಬಾಗಿಲ ಕಡೆ ಕತ್ತು ಉದ್ದ ಮಾಡಿ ಹುಡುಗಿಯನ್ನು ಹುಡುಕಿದಳು. ನಾನು ಕೋಲು ಊರಿಕೊಂಡು ಎದ್ದೆ.

"ಅಯ್ಯೋ ಅವ್ವಾ, ನೀವಾ?"

"ನಾನೇ ಕಣಮ್ಮ. ನಿನ್ನ ಹರಕೆ ಫಲಿಸಿದೆ. ನನಗೆ ಮದುವೆಯಾಗಿ ಐವತ್ತೊಂದು ವರ್ಷ ಆಯ್ತು."

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕ್ಲರ್ಕ್ ಮಾತ್ರ ನಗುವ ಪೈಕಿಯಲ್ಲ. ಇಬ್ಬರದೂ ಎಪ್ಪತ್ತೊಂದು ಮಾರ್ಕ್ಸ್, ಲಿಸ್ಟಿನಲ್ಲಿ ಭವ್ಯಳ ಹೆಸರು ಮೇಲಿರುವುದು ಬರೀ ಆಲ್ಫಬೆಟ್ ಪ್ರಕಾರ, ಆದರೆ ಟೈ ಆದಾಗ ರೂಲು ಬೇರೆ ಅಂತ ಕಾಗದ ತೆಗೆದು ಓದಿದರು. ಸಮ ಬಂದರೆ ವಯಸ್ಸಿನಲ್ಲಿ ಹಿರಿಯರಿಗೆ ಆದ್ಯತೆ. ಕನ್ನಡಕ ಏರಿಸಿ ನನ್ನನ್ನು ನೋಡಿದರು, ಭವ್ಯಳನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು.

"ಯಾರು ಹಿರಿಯರು ಅಂತ ವೆರಿಫೈ ಮಾಡ್ಬೇಕು. ಇಬ್ರೂ ಡೇಟ್ ಆಫ್ ಬರ್ತ್ ಪ್ರೂಫ್ ತೋರ್ಸಿ."

ತೋರಿಸಿದೆವು. ಅವರು ಲೆಕ್ಕ ಹಾಕಿ, ಸರೋಜ ಮೇಡಂ ಹಿರಿಯರು ಅಂತ ಗಂಭೀರವಾಗಿ ಬರೆದುಕೊಂಡರು. ಒಂದು ಗುಲಗಂಜಿ ಸಾಕಿತ್ತು, ಸ್ವಾಮಿ ಮೂಟೆಯನ್ನೇ ಇಟ್ಟಿದ್ದ.

ಬಂಧುಗಳೇ, ಈ ಜಾಗದಲ್ಲಿ ನಾನು ಸೀಟನ್ನು ಆ ಮಗುವಿಗೆ ಬಿಟ್ಟುಕೊಟ್ಟೆ ಅಂತ ಬರೆದರೆ ನಿಮಗೆ ಇಷ್ಟವಾಗುತ್ತದೆ. ಆದರೆ ಇದು ನಂಜುಂಡನೂ ಓದುವ ಪತ್ರಿಕೆ. ನನಗೆ ಆ ಸೀಟು ಬೇಕಿತ್ತು. ಬ್ಯಾಡ್ಲಿ ಬೇಕಿತ್ತು. ಭವ್ಯ ಫೈಲಿನ ದಾರವನ್ನು ಕಟ್ಟುತ್ತ ಬಿಚ್ಚುತ್ತ ನಿಂತಿದ್ದಳು. ನಾಲ್ಕು ಗಂಟೆಯವರೆಗೂ ಸಹಿ ಮಾಡುವುದಿಲ್ಲ, ಕಾಯುತ್ತೇನೆ ಅಂತ ಕ್ಲರ್ಕಿಗೆ ಹೇಳಿ ಹೊರಗಿನ ಬೆಂಚಿಗೆ ಬಂದೆ. ಅಷ್ಟು ಮಾತ್ರ ನನ್ನಿಂದಾಯಿತು.

ಮೂವರೂ ಕೂತೆವು. ರತ್ನಮ್ಮನ ಡಬ್ಬಿಯಲ್ಲಿ ಚಿತ್ರಾನ್ನ, ನನ್ನ ಚೀಲದಲ್ಲಿ ನಾಲ್ಕು ರಸಬಾಳೆ. ಡಾಕ್ಯುಮೆಂಟ್ಸ್ ಕೊಡದವಳು ಯಾರು ಅಂತ ಕ್ಲರ್ಕನ್ನು ಕೇಳಿದಾಗ ಅವರು ಹೆಸರು ಹೇಳುವಂತಿಲ್ಲ, ನಂಬರ್ ಇಪ್ಪತ್ತಮೂರು ಅಂದರು. ನಾನು ಮೊಬೈಲ್ ತೆಗೆದು ತೋರಿಸಿದೆ. ಮೂವರೂ ನನ್ನ ಹೆಬ್ಬೆರಳನ್ನು ನೋಡುತ್ತ ಕೂತೆವು. ರತ್ನಮ್ಮ ಮೆಲ್ಲಗೆ, ಇವಳಿಗೂ ಗಂಡು ಕೇಳಲಾ ಅಂದಳು. ಬೇಡ ತಾಯಿ ಅಂತ ಅವಳ ಕೈ ಹಿಡಿದುಕೊಂಡು ನನ್ನ ಪ್ರಾರ್ಥನೆ ಹೇಳಿಕೊಟ್ಟೆ. "ಸಂತಿಂಗ್ ಬೆಟ್ರು" ಅಂತ ಅವಳು ಕಣ್ಣುಮುಚ್ಚಿ ಹೇಳತೊಡಗಿದಳು. ಗೇಟಿನ ಹತ್ತಿರ ಆಟೋ ನಿಂತಾಗಲೆಲ್ಲ ಮೂವರೂ ಕತ್ತೆತ್ತಿ ನೋಡುತ್ತಿದ್ದೆವು.

ಮೂರೂವರೆಯಾಯಿತು. ಪರ್ಸಿನೊಳಗಿನ ಗುಲಗಂಜಿ ಯಾಕೋ ಭಾರ ಅನ್ನಿಸತೊಡಗಿತು. ಜಿಪ್ ತೆಗೆದು ಅದನ್ನು ಭವ್ಯಳ ಅಂಗೈಯಲ್ಲಿಟ್ಟು, ನನ್ನ ಕಡೆ ಸಾಕಷ್ಟು ವಾಲಿದೆ, ಇದು ನಿನಗಿರಲಿ ಅಂದೆ. ಇದನ್ನೇನು ಮಾಡಬೇಕು ಅಜ್ಜಿ ಅಂದಳು. ಗೊತ್ತಿಲ್ಲ, ಇಟ್ಟುಕೊಂಡಿರು ಅಂದೆ.

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಒಂದು ಸ್ಕೂಟರ್ ಬಂದು ನಿಂತಿತು. ಒಬ್ಬಳು ಹುಡುಗಿ ಫೈಲು ಹಿಡಿದು, ಎರಡೆರಡು ಮೆಟ್ಟಿಲು ಹತ್ತಿ ನಮ್ಮ ಮುಂದೆಯೇ ಒಳಕ್ಕೆ ಓಡಿದಳು. ಭವ್ಯ ಕಣ್ಣು ಮುಚ್ಚಿದಳು. ರತ್ನಮ್ಮನ ಬೆಟ್ರು ಬಾಯಲ್ಲೇ ಉಳಿಯಿತು. ಮುಗಿಯಿತು ಅಂದುಕೊಂಡೆ. ನಾಲ್ಕು ಗಂಟೆಗೆ ನಾನೇನು ಮಾಡಬೇಕು, ಸಹಿಯೋ ಬಿಟ್ಟುಕೊಡುವುದೋ ಅನ್ನುವುದು ಹತ್ತು ನಿಮಿಷದ ದೂರದಲ್ಲಿತ್ತು.

ಐದು ನಿಮಿಷಕ್ಕೆ ಆ ಹುಡುಗಿ ಹೊರಗೆ ಬಂದಳು, ಮುಖವೆಲ್ಲ ನಗು. "ಫಾರೆಸ್ಟ್ರಿ ಸಿಕ್ತು ಆಂಟಿ. ಇಲ್ಲಿ ಕ್ಯಾನ್ಸಲ್ ಮಾಡ್ಸಿದೆ" ಅಂತ, ನಾವ್ಯಾರೋ ಅವಳಿಗೆ ಗೊತ್ತಿಲ್ಲದಿದ್ದರೂ ಹೇಳಿ, ಕೈಬೀಸಿ ಇಳಿದು ಹೋದಳು. ಮರಗಳ ಓದಂತೆ. ಅವಳಿಗೆ ಮರಗಳು ಇಷ್ಟವಿರಬಹುದು ಅಂತ ನನಗೆ ಹೊಳೆದೇ ಇರಲಿಲ್ಲ.

ಕ್ಲರ್ಕ್ ಇಬ್ಬರನ್ನೂ ಒಳಗೆ ಕರೆದರು. ರತ್ನಮ್ಮ ಅವರ ಕಾಲಿಗೆ ಬೀಳಲು ಹೋದಾಗ ಆ ಮನುಷ್ಯ ಮೊದಲ ಸಲ ನಕ್ಕು, ಫೀಸ್ ಕೌಂಟರ್ ಆ ಕಡೆ ಅಂದರು.

ಸೋಮವಾರ ನಾವು ಮೂವರೂ ಕಪಿಲೆಯಲ್ಲಿ ಮುಳುಗೆದ್ದು ನಂಜುಂಡನ ದರ್ಶನ ಮಾಡಿದೆವು. ಮುಡಿ ತೆಗೆಯುವಾತ ನನ್ನ ಜಡೆ ಎತ್ತಿ ನೋಡಿ, ಮೂರು ಕತ್ತರಿ ಹಾಕಿದರೆ ಏನೂ ಉಳಿಯಲ್ಲ ಅಮ್ಮ, ದೇವರನ್ನು ಒಂದಕ್ಕೆ ಒಪ್ಪಿಸಿ ಅಂದ. ಒಪ್ಪಿಸಲಿಲ್ಲ, ಮೂರೂ ಕೊಟ್ಟೆ. ಇದೆಲ್ಲ ಗುಲಗಂಜಿಯ ಮಹಿಮೆ ಅಂತ ಚಂದ್ರಮ್ಮ, ಉರುಳುಸೇವೆ ಅಂತ ರತ್ನಮ್ಮ. ನಾನು ವಾದ ಮಾಡುವುದಿಲ್ಲ. ಕಪಿಲೆ ಹೋಗಿ ಸೇರುವುದು ನರಸೀಪುರದ ಸಂಗಮಕ್ಕೇ ತಾನೇ.

ಈಗ ಬೆಳಗಿನ ಬಸ್ಸಿನಲ್ಲಿ ಭವ್ಯ ನನಗೆ ಸೀಟು ಹಿಡಿದಿರುತ್ತಾಳೆ. ಕ್ಲಾಸಿನಲ್ಲಿ ಸ್ಪೆಲಿಂಗಿಗೆ ನಾನು ಅವಳಿಗೆ, ಪ್ರೊಜೆಕ್ಟರಿನ ಸಣ್ಣಕ್ಷರಕ್ಕೆ ಅವಳು ನನಗೆ. ಅವರ ಮನೆಯಲ್ಲಿ ಗಂಡಿನ ಮಾತು ಮೂರು ವರ್ಷಕ್ಕೆ ನಿಂತಿದೆ. ನನ್ನ ಪಾಲಿಗೆ ದೇವರು ಮಾಡಿದ ದೊಡ್ಡ ಉಪಕಾರ ಸೀಟು ಕೊಟ್ಟದ್ದಲ್ಲ. ನಾಲ್ಕು ಗಂಟೆಗೆ ನಾನು ಏನು ಮಾಡುತ್ತಿದ್ದೆ ಅನ್ನುವುದನ್ನು ನನಗೇ ತೋರಿಸದೆ ಮುಚ್ಚಿಟ್ಟದ್ದು. ಅಷ್ಟು ದಯೆ ಇರುವವನನ್ನು ನಂಬದೆ ಇನ್ಯಾರನ್ನು ನಂಬಲಿ?

ಒಂದೇ ಕೊರಗು. ಸಂತೋಷದ ಗಡಿಬಿಡಿಯಲ್ಲಿ ಆ ಹುಡುಗಿಯ ಹೆಸರು ಕೇಳಲಿಲ್ಲ. ಹಾಗಾಗಿ ಈಗಲೂ ಸೋಮವಾರ ಕಂಬಕ್ಕೊರಗಿ ಆ ಫೋಟೋ ತೆಗೆಯುತ್ತೇನೆ. ಮೈ ಡಿಯರ್ ನಂಜುಂಡೇಶ್ವರ, ಕಾಡಿನಲ್ಲಿ ಎಲ್ಲೋ ಓಡಾಡುತ್ತಿರುತ್ತಾಳೆ, ನೀನೂ ಹಾವು ಸುತ್ತಿಕೊಂಡವನು, ನಿನ್ನ ಕಡೆಯವರಿಗೆ ಸ್ವಲ್ಪ ಹೇಳಿಡು. ನನ್ನ ಹೆಬ್ಬೆರಳಿನ ಕೆಳಗಿರುವ ಹುಡುಗಿಯನ್ನು ಚೆನ್ನಾಗಿಟ್ಟಿರು.